ಕಾಲು ನಿಲ್ಲುವ ಚಪ್ಪಲಿ

ಭೈರುಂಬೆಯ ಕಡೆ ಮಳೆಗಾಲಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳ ಯಾದಿ ದೊಡ್ಡದು. ಕಟ್ಟಿಗೆ ಒಣಗಿಸಿ ಒಟ್ಟಬೇಕು. ಇರಚಲು ಹೊಡೆಯುವ ದಿಕ್ಕಿಗೆ ಸೋಗೆಯ ತಟ್ಟಿ ಕಟ್ಟಬೇಕು. ಹಂಚು ಕೈಯಾಡಿಸಬೇಕು. ಅಡಕೆಯ ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ತಂದಿಡಬೇಕು, ಮರ ಹತ್ತುವ ಕೊನೆಗೌಡನನ್ನು ಮೊದಲೇ ಕಂಡು ದಿನ ಗೊತ್ತುಮಾಡಿಕೊಳ್ಳಬೇಕು. ಹಪ್ಪಳ, ಸಂಡಿಗೆ ಡಬ್ಬಿ ಸೇರಬೇಕು. ಕಡ್ಡಿ ಮುರಿದ ಕೊಡೆಗಳ ರಿಪೇರಿಗೂ ಆ ಯಾದಿಯಲ್ಲಿ ಜಾಗ ಇದೆ. ಚಪ್ಪಲಿಗೆ ಇಲ್ಲ. ಇದ್ದ ಚಪ್ಪಲಿಯ ಉಂಗುಷ್ಟ ಕಿತ್ತುಬಂದ ದಿನ, ಪೇಟೆಗೆ ಹೊರಟವರ ಹತ್ತಿರ ‘ಏಳು ನಂಬರಿನದ್ದೊಂದು ಹವಾಯಿ ತಂದುಬಿಡು’ ಎಂದರೆ ಮುಗಿಯಿತು. ರವಿಕೆಗೆ ಅಳತೆ ಕೊಟ್ಟು ಹೊಲಿಸುವವರು, ಕನ್ನಡಕಕ್ಕೆ ಎರಡೆರಡು ಸಲ ಕಣ್ಣು ತೋರಿಸುವವರು, ದಿನವಿಡೀ ಮೈಭಾರ ಹೊರುವ ಕಾಲಿಗೆ ಮಾತ್ರ ಬೇರೆಯವರ ಕೈಲಿ ಚಪ್ಪಲಿ ತರಿಸುತ್ತಾರೆ. ಇದು ಸರಿಯಲ್ಲ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಈಗೀಗ ಅದು ಅನ್ನಿಸಿಕೆಯಾಗಿ ಉಳಿದಿಲ್ಲ, ಚಿಂತೆಯಾಗಿದೆ.

ಶಿರಸಿ–ಯಲ್ಲಾಪುರ ರಸ್ತೆಯ ಭೈರುಂಬೆಯಲ್ಲಿ ಬಸ್ಸಿಳಿದು ಒಳಗಿನ ಯಾವ ಮನೆಗೆ ಹೊರಟರೂ ಕಾಲು ಏನೇನು ತುಳಿಯುತ್ತದೆ ನೋಡಿ. ಟಾರು ಮುಗಿದ ಮೇಲೆ ಕೆಮ್ಮಣ್ಣಿನ ರಸ್ತೆ, ಅಲ್ಲಲ್ಲಿ ಹೊಂಡಕ್ಕೆ ಸುರಿದ ಜಲ್ಲಿ. ದಣಪೆ ದಾಟಿದರೆ ಅಂಗಳ. ಅಂಗಳದ ಒಂದು ಬದಿಗೆ ಕೊಟ್ಟಿಗೆ, ಅಲ್ಲಿ ಸಗಣಿ ನೀರು ಹರಿಯುವ ಕಲ್ಲುಚಪ್ಪಡಿ. ಇನ್ನೊಂದು ಬದಿಯಿಂದ ತೋಟಕ್ಕೆ ಇಳಿಯುವ ಧರೆ, ಅದರಲ್ಲಿ ಗುದ್ದಲಿಯಿಂದ ಕಡಿದ ಮೆಟ್ಟಿಲು. ತೋಟದೊಳಗೆ ಸಾಲಿಗೊಂದು ನೀರು ಹರಿಯುವ ಕಾದಿಗೆ, ಕಾದಿಗೆಗೆ ಅಡ್ಡ ಅಡಕೆ ಮರದ ಸಂಕ. ಸೊಪ್ಪಿಗೋ ದರಕಿಗೋ ಹೋಗುವುದಾದರೆ ಬೆಟ್ಟ, ಬೆಟ್ಟದಲ್ಲಿ ಉಂಬಳ. ಇದೆಲ್ಲ ತುಳಿದು ಕಾಲು ತೊಳೆದು ಮನೆಯೊಳಗೆ ಬಂದರೆ ಮುಖ ಕಾಣುವಷ್ಟು ಹೊಳೆಯುವ ಟೈಲ್ಸು. ಬೆಂಗಳೂರಿನ ಒಬ್ಬ ಮನುಷ್ಯ ವಾರದಲ್ಲಿ ತುಳಿಯದಷ್ಟು ಬಗೆಯ ನೆಲವನ್ನು ನಮ್ಮ ಊರಿನ ಹೆಂಗಸು ಬೆಳಗಿನ ಹಾಲು ಕರೆದು ಹೂವು ಕೊಯ್ದು ತರುವುದರೊಳಗೆ ತುಳಿದಿರುತ್ತಾಳೆ. ಒಂದೇ ಜೊತೆ ಚಪ್ಪಲಿ ಇಷ್ಟಕ್ಕೂ ಹೊಂದುವುದಿಲ್ಲ.

ಇದರಲ್ಲಿ ಅಂಗಳದ ಮಾತೇ ಬೇರೆ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಸೀಮೆ ನಮ್ಮದು. ಜೂನ್ ಮುಗಿಯುವ ಹೊತ್ತಿಗೆ ಕಲ್ಲು, ಸಿಮೆಂಟು, ತುಳಸಿಕಟ್ಟೆಯ ಬುಡ, ಬಾವಿಕಟ್ಟೆ ಎಲ್ಲಕ್ಕೂ ತೆಳ್ಳಗೆ ಹಸಿರು ಹತ್ತುತ್ತದೆ. ಜುಲೈ ದಾಟಿದರೆ ಆ ಹಸಿರು ಕಪ್ಪಿಗೆ ತಿರುಗಿ ಹಾವಸೆಯ ಪದರವಾಗಿ ಕೂರುತ್ತದೆ. ಹಸಿರಿದ್ದಾಗ ಕಣ್ಣಿಗೆ ಕಾಣುತ್ತದೆ, ಹುಷಾರಾಗುತ್ತೇವೆ. ಕಪ್ಪಾದ ಮೇಲೆ ಅದು ಕಲ್ಲಿನ ಬಣ್ಣವೇ ಆಗಿಬಿಡುತ್ತದೆ. ಭೋರೆಂದು ಹೊಯ್ಯುವಾಗ ಅಷ್ಟು ಭಯವಿಲ್ಲ, ಆಗ ಯಾರೂ ಜಗಲಿ ಬಿಟ್ಟು ಇಳಿಯುವುದಿಲ್ಲ. ಮಳೆ ಹೊಳವಾಗಿ ಬಿಸಿಲು ಇಣುಕಿದ ಅರ್ಧ ಗಂಟೆ ಇದೆಯಲ್ಲ, ಹಾವಸೆ ನೀರು ಕುಡಿದು ಉಬ್ಬಿ ಮೇಲೊಂದು ತೆಳುನೀರಿನ ಪೊರೆ ನಿಂತ ಹೊತ್ತು, ಜಾರಿಕೆ ಜಾಸ್ತಿ ಆಗಲೇ. ಬಟ್ಟೆ ಹರವಲಿಕ್ಕೆ, ಹೂವಿಗೆ, ಕರುವಿಗೆ ಹುಲ್ಲು ಹಾಕಲಿಕ್ಕೆ ಅವಸರ ಅವಸರವಾಗಿ ಇಳಿಯುವುದೂ ಆಗಲೇ.

ಹಿಂದಿನವರು ಇದಕ್ಕೆ ಮದ್ದು ಕಂಡುಕೊಂಡಿದ್ದರು. ಅಡಕೆ ಮರ ಸೀಳಿ ಮಾಡಿದ ದಬ್ಬೆಗಳನ್ನು ಜಗಲಿಯಿಂದ ಕೊಟ್ಟಿಗೆಗೆ, ಬಚ್ಚಲಿಗೆ, ಬಾವಿಗೆ ದಾರಿಯಾಗಿ ಹಾಸುತ್ತಿದ್ದರು. ದಬ್ಬೆಯ ನಾರು ಒರಟು, ಬರಿಗಾಲಿಗೆ ಒಳ್ಳೆಯ ಹಿಡಿತ. ಮಳೆ ಬಲಿತು ಅದಕ್ಕೂ ಲೋಳೆ ಹತ್ತಿದರೆ ಮಗುಚಿ ಹಾಕುತ್ತಿದ್ದರು. ಈಗ ಬ್ಲೀಚಿಂಗ್ ಪೌಡರ್ ಚೆಲ್ಲಿ ತಂತಿ ಬ್ರಷ್ಷಿನಿಂದ ತಿಕ್ಕುತ್ತೇವೆ. ತಿಕ್ಕುವವರಿದ್ದರೆ ತಿಕ್ಕಿದಂತಾಯಿತು. ಎಷ್ಟೋ ಮನೆಗಳಲ್ಲಿ ಈಗ ಇರುವವರು ಇಬ್ಬರೇ, ಇಬ್ಬರಿಗೂ ಎಪ್ಪತ್ತರ ಹತ್ತಿರ. ದಬ್ಬೆ ಮಗುಚುವ ಸೊಂಟವೂ ಅದಲ್ಲ, ಅಂಗಳ ತಿಕ್ಕುವ ತೋಳೂ ಅದಲ್ಲ. ಹಾಗಾಗಿ ಉಳಿಯುವ ರಕ್ಷಣೆ ಕಾಲಿನ ಚಪ್ಪಲಿಯೊಂದೇ.

ಅಂಥ ಮನೆಗೆ ಬೆಂಗಳೂರಿನಿಂದ ಪಾರ್ಸೆಲ್ ಬರುತ್ತದೆ. ಮಗನೋ ಸೊಸೆಯೋ ಪ್ರೀತಿಯಿಂದ ಆರಿಸಿ ಕಳಿಸಿದ್ದು. ಬಿಚ್ಚಿದರೆ ಬ್ರೆಡ್ಡಿನಷ್ಟು ದಪ್ಪದ, ಒತ್ತಿದರೆ ಬೆರಳು ಒಳಗೆ ಹೋಗುವ, ಮುಂದೆ ಒಂದೇ ಅಗಲ ಪಟ್ಟಿ, ಹಿಂದೆ ಏನೂ ಇಲ್ಲದ ಸ್ಲೈಡ್ಸ್. ಉಂಗುಷ್ಟವಿಲ್ಲ, ಬಕಲ್ ಇಲ್ಲ, ಬಗ್ಗಬೇಕಾಗಿಲ್ಲ, ಕಾಲು ತೂರಿಸಿದರೆ ಆಯಿತು. ಮೊಣಕಾಲು ನೋವಿನವರಿಗೆ ಇದಕ್ಕಿಂತ ಅನುಕೂಲ ಯಾವುದಿದೆ ಎಂದು ಕಳಿಸಿದವರು ಎಣಿಸಿರುತ್ತಾರೆ. ನಮ್ಮ ಕೇರಿಯ ದೊಡ್ಡಮ್ಮ ಒಬ್ಬರು ಅಂಥದ್ದನ್ನು ಮೆಟ್ಟಿ ಜಗಲಿಯ ತುದಿಯಲ್ಲಿ ನಿಂತಿದ್ದರು. ಹೇಗಿದೆ ಎಂದು ಕೇಳಿದೆ. ‘ಮೆತ್ತಗೇನೋ ಇದ್ದು, ಕಾಲು ನಿಲ್ತಿಲ್ಲೆ’ ಎಂದರು. ಮತ್ತೆ ಯಾಕೆ ಮೆಟ್ಟಿದ್ದೀರಿ ಎಂದರೆ, ‘ಮಾಣಿ ಪ್ರೀತಿಯಿಂದ ಕಳ್ಸಿದ್ದ, ಮೆಟ್ಟದ್ದೇ ಹೋದ್ರೆ ಬೇಜಾರು ಮಾಡ್ಕತ್ತ’ ಎಂದರು. ಅದೇ ಶ್ರಾವಣದಲ್ಲಿ ಅವರು ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರು. ಸೊಂಟದ ಕೀಲಿನ ಮೂಳೆ ಮುರಿದು ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸಬೇಕಾಯಿತು. ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ. ತೋಟ ನೋಡಿಲ್ಲ. ವಯಸ್ಸಾದವರ ಮೂಳೆಗೆ ಒಂದು ಸಲ ಬಿದ್ದರೆ ಸಾಕು. ಅಲ್ಲಿಂದ ಮುಂದಿನ ಬದುಕೇ ಬೇರೆಯಾಗುತ್ತದೆ ಎಂಬುದನ್ನು ನಮ್ಮಲ್ಲಿ ಪ್ರತಿ ಊರೂ ಕಂಡಿದೆ.

ದೊಡ್ಡಮ್ಮ ಹೇಳಿದ ಆ ಒಂದು ಮಾತಿನಲ್ಲಿ ಎಲ್ಲ ಇದೆ. ಮೆತ್ತಗಿರುವುದೂ ಕಾಲು ನಿಲ್ಲುವುದೂ ಬೇರೆ ಬೇರೆ. ಅಂಗಡಿಯಲ್ಲಿ ನಾವು ಹೆಬ್ಬೆರಳಿನಿಂದ ಒತ್ತಿ ನೋಡುವುದು ಮೆತ್ತನೆಯನ್ನು. ಮಗುಚಿ ತಳ ನೋಡುವವರು ಕಡಿಮೆ. ಸ್ಲೈಡ್ಸಿನ ಹಿಮ್ಮಡಿಗೆ ಆಧಾರ ಇಲ್ಲ, ಕಾಲನ್ನು ಹಿಡಿದಿರುವುದು ಮೇಲಿನ ಪಟ್ಟಿ ಮಾತ್ರ. ಕಾಲು ಒಣಗಿದ್ದಾಗ ಪರವಾಗಿಲ್ಲ. ಒದ್ದೆಯಾದರೆ ಪಾದ ಪಟ್ಟಿಯೊಳಗೆ ಹಿಂದೆಮುಂದೆ ಸರಿಯುತ್ತದೆ, ಚಪ್ಪಲಿ ನೆಲದ ಮೇಲೆ ನಿಂತರೂ ಕಾಲು ಚಪ್ಪಲಿಯ ಮೇಲೆ ನಿಲ್ಲುವುದಿಲ್ಲ. ಅದು ಕಳಚಿ ಹೋಗದಿರಲಿ ಎಂದು ಬೆರಳುಗಳು ತಮಗೆ ತಾವೇ ಮುದುಡಿ ಹಿಡಿಯುತ್ತವೆ. ಹಾಗೆ ಮುದುಡಿ ನಡೆದರೆ ಹೆಜ್ಜೆ ಗಿಡ್ಡವಾಗುತ್ತದೆ, ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಅದರ ಮೇಲೆ ದಪ್ಪ ಮೆತ್ತೆ. ಪಾದಕ್ಕೂ ನೆಲಕ್ಕೂ ನಡುವೆ ಅಷ್ಟು ದಪ್ಪದ ಫೋಮ್ ಬಂದರೆ ನೆಲದ ಏರುತಗ್ಗು ಕಾಲಿಗೆ ತಿಳಿಯುವುದೇ ಇಲ್ಲ. ಹಾವಸೆಯ ಮೇಲೆ ಕಾಲಿಟ್ಟಿದ್ದು ಗೊತ್ತಾಗುವುದು ಜಾರಿದ ಮೇಲೆ.

ಸ್ಲೈಡ್ಸನ್ನು ನಾನು ಬೇಡ ಎನ್ನುವುದಿಲ್ಲ. ಜರ್ಮನಿಯ ಅಡಿಡಾಸ್ ಕಂಪನಿ 1972ರಲ್ಲಿ ‘ಅಡಿಲೆಟ್’ ಎಂಬ ಈ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ಅದು ಆಟಗಾರರ ಚಪ್ಪಲಿ. ಆಟ ಮುಗಿಸಿ ಸ್ನಾನ ಮಾಡಿ ಬಟ್ಟೆ ಬದಲಿಸುವ ಕೋಣೆಗೆ ಬರುವ ನಾಲ್ಕು ಹೆಜ್ಜೆಗೆಂದು ಮಾಡಿದ್ದು. ಗಟ್ಟಿಮುಟ್ಟಾದ ಕಾಲು, ಸಪಾಟು ನೆಲ, ಸಣ್ಣ ದೂರ. ಇವತ್ತಿಗೂ ಅದರ ಜಾಗ ಅದೇ. ಹಾಸ್ಟೆಲಿನ ವರಾಂಡ, ಅಪಾರ್ಟ್‌ಮೆಂಟಿನ ಲಿಫ್ಟು, ರೈಲಿನ ಬೋಗಿ, ವಿಮಾನ ನಿಲ್ದಾಣ, ಇಲ್ಲೆಲ್ಲ ಅದು ನಿಜವಾಗಿಯೂ ಆರಾಮ. ಶಾಲ್ಮಲೆಯ ಹರಿವಿನಲ್ಲಿ ಸೋದೆಯ ಸದಾಶಿವರಾಯ ಕೆತ್ತಿಸಿದ ಸಹಸ್ರಲಿಂಗ ನೋಡಲು ಬರುವ ಪ್ರವಾಸಿಗಳು ಸ್ಲೈಡ್ಸನ್ನೇ ಮೆಟ್ಟಿಕೊಂಡು ನದಿಯ ಕಲ್ಲಿನಿಂದ ಕಲ್ಲಿಗೆ ದಾಟಲು ಹೋಗುವುದನ್ನು ಕಂಡಾಗ ಎದೆ ಝಲ್ ಎನ್ನುತ್ತದೆ. ಅಂಥಲ್ಲಿ ಬರಿಗಾಲೇ ಲೇಸು.

ಬರಿಗಾಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಅಜ್ಜಂದಿರ ಕಾಲದಲ್ಲಿ ತೋಟ, ಗದ್ದೆ, ಬೆಟ್ಟಕ್ಕೆಲ್ಲ ಬರಿಗಾಲು. ನಮ್ಮದೇ ಜಿಲ್ಲೆಯ, ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ರತ್ನಗಂಬಳಿಯ ಮೇಲೆ ಬರಿಗಾಲಲ್ಲೇ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದ್ದನ್ನು ದೇಶವೆಲ್ಲ ನೋಡಿತು. ಆಯುಷ್ಯವಿಡೀ ಗಿಡ ನೆಟ್ಟು ಕಾಡು ತುಳಿದ ಕಾಲು ಅದು. ಅಂಥ ಪಾದದ ಬೆರಳುಗಳು ಅಗಲಕ್ಕೆ ಬಿಡಿಸಿಕೊಂಡಿರುತ್ತವೆ, ಒಂದೊಂದೂ ಬೇರೆ ಬೇರೆಯಾಗಿ ನೆಲ ಹಿಡಿಯುತ್ತದೆ. ಚಪ್ಪಲಿಯನ್ನು ಆರಿಸುವವರು ಮೊದಲು ಕಲಿಯಬೇಕಾದದ್ದು ಅಲ್ಲಿಂದಲೇ. ಪಾದ ಮುಂಭಾಗದಲ್ಲಿ ಅಗಲ, ಹಿಂಭಾಗದಲ್ಲಿ ಸಪೂರ. ಪೇಟೆಯ ಚಪ್ಪಲಿಗಳಲ್ಲಿ ಬಹಳಷ್ಟು ಇದಕ್ಕೆ ತದ್ವಿರುದ್ಧ, ಮುಂದೆ ಚೂಪಾಗಿ ಬೆರಳುಗಳನ್ನು ಒಟ್ಟುಗೂಡಿಸಿ ಒತ್ತುತ್ತವೆ. ಹೆಣ್ಣುಮಕ್ಕಳ ಚಪ್ಪಲಿಯಲ್ಲಿ ಇದು ಇನ್ನೂ ಹೆಚ್ಚು. ಕಿರುಬೆರಳು ಪಟ್ಟಿಯಿಂದ ಹೊರಗೆ ಬಂದು ನೆಲ ತಾಗುವುದನ್ನು ನೀವೂ ನೋಡಿರುತ್ತೀರಿ.

ಆದರೆ ಬರಿಗಾಲೆಲ್ಲ ಇಷ್ಟದಿಂದ ಬಂದ ಬರಿಗಾಲಲ್ಲ ಎಂಬುದನ್ನೂ ಹೇಳಬೇಕು. ದುಡ್ಡಿಲ್ಲದೆ ಬರಿಗಾಲಾದವರು ಎಷ್ಟೋ ಜನ. ಕನ್ನಡ ನಾಡಿನ ಬಹಳ ಊರುಗಳಲ್ಲಿ ಮೇಲಿನವರ ಎದುರಿಗೆ, ಅವರ ಕೇರಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಲು ಕೆಳಗಿನವರೆನಿಸಿಕೊಂಡವರಿಗೆ ಬಿಡುತ್ತಿರಲಿಲ್ಲ. ಚಪ್ಪಲಿ ಹೊಲಿಯುವ ಕೈಯವರೇ ಮೆಟ್ಟುವಂತಿರಲಿಲ್ಲ. 12ನೆಯ ಶತಮಾನದ ಶರಣ ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂಬ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ, ಕೇಳುತ್ತೇವೆ. ಆ ಕಥೆ ಕೇಳಿದ ಮೇಲೆ ಚಪ್ಪಲಿಯನ್ನು ಕೀಳು ವಸ್ತು ಎನ್ನುವುದು ನನ್ನಿಂದ ಆಗುವುದಿಲ್ಲ.

ನಮ್ಮ ಕಡೆ ಮನೆಗಳಲ್ಲಿ ಮಡಿಯ ದೆಸೆಯಿಂದ ಚರ್ಮದ ಚಪ್ಪಲಿ ದೂರವೇ ಇತ್ತು. ಮಠದ ಸ್ವಾಮಿಗಳ ಕಾಲಲ್ಲಿ ಮರದ ಹಾವುಗೆ. ಉಳಿದವರು ಊರು ಬಿಟ್ಟು ಹೊರಡುವಾಗ ಮಾತ್ರ ಮೆಟ್ಟು ಹುಡುಕುತ್ತಿದ್ದರು. ರಬ್ಬರಿನ ಹವಾಯಿ ಬಂದಮೇಲೆ ಆ ತೊಡಕು ಹೋಯಿತು. ರಬ್ಬರಿಗೆ ಮೈಲಿಗೆ ಇಲ್ಲ, ನೀರಲ್ಲಿ ತೊಳೆದರೆ ಆಯಿತು. ಬಿಳಿ ತಳ, ನೀಲಿ ಬಾರು. ಕೇರಳದ ಕೊಟ್ಟಾಯಂನಲ್ಲಿ 1975ರಲ್ಲಿ ಶುರುವಾದ ಪ್ಯಾರಾಗಾನಿನಂಥ ಕಂಪನಿಗಳು ಹಳ್ಳಿಹಳ್ಳಿಯ ಕಿರಾಣಿ ಅಂಗಡಿಗೂ ಅದನ್ನು ಮುಟ್ಟಿಸಿದವು. ಅಂಗಡಿಯ ಮಾಡಿನಿಂದ ಅಡಕೆಗೊನೆಯ ಪಕ್ಕದಲ್ಲೇ ತೂಗುಬಿಟ್ಟಿರುತ್ತಿದ್ದರು. ಭೈರುಂಬೆಯ ಶಾರದಾಂಬಾ ಪ್ರೌಢಶಾಲೆಗೆ ಸುತ್ತಲಿನ ಹಳ್ಳಿಗಳಿಂದ ನಡೆದು ಬರುತ್ತಿದ್ದ ಮಕ್ಕಳ ಕಾಲಲ್ಲಿ ಹೆಚ್ಚಾಗಿ ಅದೇ. ಹವಾಯಿಯ ಹಿಮ್ಮಡಿ ಪಟಪಟ ಬಡಿದು ಕೆಮ್ಮಣ್ಣಿನ ಕೆಸರನ್ನು ಲಂಗದ ಹಿಂಭಾಗಕ್ಕೆ, ಚಡ್ಡಿಯವರೆಗೆ ಸಿಡಿಸುತ್ತಿತ್ತು. ಯಾರು ಎಷ್ಟು ದೂರದಿಂದ ಬಂದವರು ಎಂದು ಬೆನ್ನು ನೋಡಿ ಹೇಳಬಹುದಿತ್ತು. ಉಂಗುಷ್ಟ ಕಿತ್ತರೆ ತಳದಲ್ಲಿ ಪಿನ್ನು ಚುಚ್ಚಿ ತಡೆ ಹಾಕಿ ವರ್ಷ ಕಳೆಯುತ್ತಿದ್ದರು. ಬಡವರ ಕಾಲಿಗೆ ಹವಾಯಿ ಮಾಡಿದ ಉಪಕಾರ ಸಣ್ಣದಲ್ಲ. ಹೊಸದಿದ್ದಾಗ ಅದರ ತಳದ ಗೆರೆಗಳು ಚೆನ್ನಾಗಿಯೇ ಹಿಡಿಯುತ್ತವೆ. ಗೆರೆ ಸವೆದು ನುಣುಪಾದ ಮೇಲೂ ನಾವು ಬಿಸಾಡುವುದಿಲ್ಲ ಎಂಬುದೇ ಅಪಾಯ. ತಳ ಸವೆದ ಹವಾಯಿಯೂ ಹೊಸ ಸ್ಲೈಡ್ಸೂ ಅಂಗಳದಲ್ಲಿ ಒಂದೇ.

ಚರ್ಮದ ಚಪ್ಪಲಿಯ ಬಗ್ಗೆ ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಕೊಲ್ಹಾಪುರಿ ಎಂದು ಹೆಸರಾದದ್ದಕ್ಕೆ 2019ರಲ್ಲಿ ಸಿಕ್ಕಿದ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಅಥಣಿಯ ಕಡೆಯ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ಅದು. ಆ ಚರ್ಮ ಹದ ಮಾಡಲು ಬಳಸುವ ವಸ್ತುಗಳಲ್ಲಿ ಅಣಲೆಕಾಯಿಯೂ ಒಂದು, ನಮ್ಮ ಬೆಟ್ಟಗಳಲ್ಲಿ ಹೆಕ್ಕಿ ಮಾರುತ್ತಿದ್ದ ಅದೇ ಕಾಯಿ. ಈ ಚಪ್ಪಲಿ ಮೊದಲು ಕಚ್ಚುತ್ತದೆ, ಆಮೇಲೆ ಮೆಟ್ಟಿದವರ ಪಾದದ ಅಚ್ಚನ್ನೇ ಪಡೆಯುತ್ತದೆ. ಒಣ ಸೀಮೆಗೆ, ಬೇಸಗೆಗೆ, ಮದುವೆ ಮನೆಗೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಮಳೆಗಾಲದ ಶಿರಸಿಗೆ ಮಾತ್ರ ಅದು ಹೊಂದುವುದಿಲ್ಲ, ಬೂಸಲು ಹತ್ತಿ ಹಾಳಾಗುತ್ತದೆ.

ಮನೆಯೊಳಗಿನ ಚಪ್ಪಲಿಯ ಪ್ರಶ್ನೆ ನಮ್ಮಲ್ಲಿ ಹೊಸದು. ಸಗಣಿ ಸಾರಿಸಿದ ಮಣ್ಣಿನ ನೆಲ ಇದ್ದಾಗ ಪಾದಕ್ಕೆ ನೆಲವೇ ಮೆತ್ತೆ. ಆಮೇಲೆ ಕಾವಿ ನೆಲ ಬಂತು, ಅದೂ ತಂಪು, ನುಣುಪು. ಈಗ ಕಾಂಕ್ರೀಟಿನ ಮೇಲೆ ಕೂರಿಸಿದ ಟೈಲ್ಸು, ಗ್ರಾನೈಟು. ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ನಿಂತೇ ಕೆಲಸ ಮಾಡುವವರಿಗೆ ಹಿಮ್ಮಡಿ ನೋವು ಶುರುವಾಗಿದೆ. ಬೆಳಿಗ್ಗೆ ಹಾಸಿಗೆ ಬಿಟ್ಟು ಇಡುವ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದಷ್ಟು ನೋವು, ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಕೂತು ಎದ್ದರೆ ಮತ್ತೆ. ಅಂಗಾಲಿನ ಉದ್ದಕ್ಕೂ ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಬಿಗಿದಿರುವ ನಾರಿನ ಪಟ್ಟಿಗೆ ಆದ ತ್ರಾಸು ಅದು. ಡಾಕ್ಟರು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ ಎನ್ನುತ್ತಾರೆ. ‘ಮನೆ ಒಳಗೂ ಮೆಟ್ಟು ಮೆಟ್ಕಂಡು ತಿರುಗವಾ?’ ಎಂದು ಆಯಂದಿರು ಸಂಕಟಪಡುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ದೇವರ ದೀಪ ಹಚ್ಚುವ ಮನೆಯಲ್ಲಿ ಬೆಳೆದ ಮನಸ್ಸು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ನಾವು ಕಂಡುಕೊಂಡ ದಾರಿ ಇದು: ಒಳಗಿನ ಜೊತೆ ಹೊಚ್ಚ ಹೊಸದಾಗಿಯೇ ಒಳಗೆ ಬಂದದ್ದು, ಒಂದು ದಿನವೂ ಹೊಸ್ತಿಲು ದಾಟಿಲ್ಲ, ದೇವರ ಕೋಣೆಯ ಬಾಗಿಲಲ್ಲಿ ಕಳಚಿಡುತ್ತಾರೆ. ಆಯಿ ಮೊದಲು ಒಪ್ಪಲಿಲ್ಲ, ನೋವು ಒಪ್ಪಿಸಿತು. ಈ ಒಳಗಿನ ಜೊತೆಗೆ ಮೆತ್ತನೆ ಬೇಕು, ಹಿಮ್ಮಡಿ ಕೂರುವಲ್ಲಿ ಸಣ್ಣ ತಗ್ಗು, ಅಂಗಾಲಿನ ಕಮಾನಿಗೆ ಸ್ವಲ್ಪ ಉಬ್ಬು ಬೇಕು.

ಪೇಟೆಯಲ್ಲಿ ‘ಡಾಕ್ಟರ್ ಚಪ್ಪಲಿ’ ಎಂದು ಮಾರುವುದರಲ್ಲಿ ಎಲ್ಲವೂ ಡಾಕ್ಟರು ಹೇಳಿದ್ದಲ್ಲ. ನಿಜವಾದದ್ದಕ್ಕೆ ಒಂದು ದೊಡ್ಡ ಹಿನ್ನೆಲೆ ಇದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದ ಯಾಕೆ ಹುಣ್ಣಾಗಿ ಕರಗುತ್ತದೆ ಎಂದು ಹುಡುಕುತ್ತ ಹೋದರು. ರೋಗ ಮಾಂಸವನ್ನು ತಿನ್ನುವುದಿಲ್ಲ, ನರ ಸತ್ತು ನೋವು ತಿಳಿಯದೇ ಹೋಗುವುದರಿಂದ ಒತ್ತಿದಲ್ಲೇ ಒತ್ತಿ, ಗಾಯದ ಮೇಲೇ ನಡೆದು ಪಾದ ಹಾಳಾಗುತ್ತದೆ ಎಂದು ಕಂಡುಕೊಂಡರು. ವೆಲ್ಲೂರು, ಕರಿಗಿರಿಯ ಆಸ್ಪತ್ರೆಗಳಲ್ಲಿ ಮೈಕ್ರೋಸೆಲ್ಯುಲಾರ್ ರಬ್ಬರಿನ ಚಪ್ಪಲಿ ರೂಪುಗೊಂಡದ್ದು ಆ ತಿಳಿವಿನಿಂದ. ಒಳಗೆ ಸಣ್ಣ ಸಣ್ಣ ಗಾಳಿಯ ಗುಳ್ಳೆಗಳಿರುವ ಮೆತ್ತನೆಯ ಕಪ್ಪು ರಬ್ಬರು, ಮುಳ್ಳು ಚುಚ್ಚದಂತೆ ಕೆಳಗೆ ಗಟ್ಟಿ ತಳ, ಕಳಚದಂತೆ ಹಿಂದೊಂದು ಪಟ್ಟಿ. ಅಂಗಡಿಯವರು ಇವತ್ತು ಎಂಸಿಆರ್ ಎನ್ನುವುದು ಅದನ್ನೇ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಇದೇ ಬೇಕು. ಅಂಥವರಿಗೆ ಉಂಗುಷ್ಟದ ಚಪ್ಪಲಿ ಬೇಡ, ಬೆರಳ ಸಂದಿ ಕೊರೆದು ಹುಣ್ಣಾದರೂ ಗೊತ್ತಾಗದು. ಸ್ಲೈಡ್ಸೂ ಬೇಡ, ಕಾಲಿನಿಂದ ಕಳಚಿ ಬಿದ್ದದ್ದೇ ತಿಳಿಯದು. ಬರಿಗಾಲಂತೂ ಬೇಡವೇ ಬೇಡ. ಸಂಜೆ ಕಾಲು ತೊಳೆದು ಬೆರಳ ಸಂದಿ ಒರೆಸಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಆಗದಿದ್ದರೆ ಮನೆಯವರು ನೋಡಬೇಕು. ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ನಮ್ಮ ಊರಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಆದ್ದರಿಂದ ಇಷ್ಟು ಉದ್ದಕ್ಕೆ ಹೇಳಿದೆ.

ಹಾಗಾದರೆ ಅಂಗಳಕ್ಕೆ ಯಾವುದು? ಹಿಂದೆ ಪಟ್ಟಿ ಇರುವ ರಬ್ಬರಿನ ಸ್ಯಾಂಡಲ್. ತಳದಲ್ಲಿ ಆಳವಾದ ಗೆರೆಗಳಿರಬೇಕು, ಗೆರೆಗಳು ಅಂಚಿನವರೆಗೂ ಹೋಗಿ ನೀರನ್ನು ಹೊರಗೆ ಹಾಯಿಸುವಂತಿರಬೇಕು. ನಡುವೆ ಮಾತ್ರ ಹೂವಿನ ಚಿತ್ತಾರ ಒತ್ತಿ ಸುತ್ತ ನುಣುಪು ಬಿಟ್ಟದ್ದು ಉಪಯೋಗವಿಲ್ಲ. ಹಗುರ ಎಂದು ಹೊಗಳಿ ಮಾರುವ ಇವಿಎ ಫೋಮಿನ ತಳ ಒದ್ದೆಗೆ ರಬ್ಬರಿನಷ್ಟು ಹಿಡಿಯುವುದಿಲ್ಲ. ಅದೂ ಅಲ್ಲದೆ ಬಳಸಿದಂತೆಲ್ಲ ಅದು ಕುಗ್ಗುತ್ತ ಹೋಗಿ ಕೆಲವು ತಿಂಗಳಲ್ಲಿ ಮೆತ್ತನೆ ಮಾಯವಾಗುತ್ತದೆ. ಇಷ್ಟೆಲ್ಲ ಇದ್ದರೂ ಕಪ್ಪಾದ ಹಾವಸೆಯ ಮೇಲೆ ನಿಲ್ಲುವ ಚಪ್ಪಲಿಯನ್ನು ಯಾರೂ ಮಾಡಿಲ್ಲ, ತಿಕ್ಕುವುದು ತಿಕ್ಕಲೇಬೇಕು. ತೋಟಕ್ಕೆ, ಬೆಟ್ಟಕ್ಕೆ ಗಂಬೂಟು. ಗಂಬೂಟು ಯಜಮಾನರಿಗೆ ಮಾತ್ರ ತಂದು, ಅದೇ ತೋಟದಲ್ಲಿ ಕಾದಿಗೆ ಬಿಡಿಸಲು ಬರುವವರನ್ನು ಬರಿಗಾಲಲ್ಲಿ ನಿಲ್ಲಿಸುವುದನ್ನು ಇನ್ನಾದರೂ ಬಿಡಬೇಕು. ಅವರ ಕಾಲಿನ ಅಳತೆಯದ್ದೂ ಮನೆಯಲ್ಲಿರಲಿ. ಬೂಟಾಗಲಿ, ಮುಂದೆ ಮುಚ್ಚಿದ ಕ್ರಾಕ್ಸ್ ಬಗೆಯದ್ದಾಗಲಿ, ಜಗಲಿಯಲ್ಲಿ ರಾತ್ರಿ ಇಟ್ಟದ್ದನ್ನು ಬೆಳಿಗ್ಗೆ ಕೊಡವದೇ ಕಾಲು ತೂರಿಸಬಾರದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಚೇಳೂ ಬರುತ್ತದೆ, ಮರಿಹಾವೂ ಬರುತ್ತದೆ.

ಕೊಳ್ಳಲು ಹೋಗುವಾಗ ಹಳೆಯ ಜೊತೆಯನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ. ನಾನು ಆಯಿಯ ಹವಾಯಿಯನ್ನು ಹಾಗೆ ನೋಡಿದ್ದೇನೆ. ಮೇಲ್ಮೈಯಲ್ಲಿ ಐದೂ ಬೆರಳಿನ ಗುರುತು ಬೇರೆ ಬೇರೆಯಾಗಿ ಒತ್ತಿಕೊಂಡಿತ್ತು. ಹೆಬ್ಬೆರಳಿನ ಗುಳಿ ಎಲ್ಲಕ್ಕಿಂತ ಆಳ. ಎಡಗಾಲಿನದರಲ್ಲಿ ಹಿಮ್ಮಡಿಯ ಹೊರ ಅಂಚು ಸವೆದು ಓರೆಯಾಗಿತ್ತು, ಬಲಗಾಲಿನದು ಸಮವಾಗಿತ್ತು. ಎಡ ಮೊಣಕಾಲು ನೋವೆಂದು ಆಯಿ ಹೇಳುವುದಕ್ಕೂ ಆ ಓರೆಗೂ ಸಂಬಂಧ ಇದೆ ಎಂದು ಆಗ ಹೊಳೆಯಿತು. ಹಿಮ್ಮಡಿ ತಳದಿಂದ ಹಿಂದಕ್ಕೆ ಚಾಚುತ್ತಿದ್ದ ಗುರುತೂ ಇತ್ತು. ಅಂದರೆ ವರ್ಷಗಳಿಂದ ಒಂದು ನಂಬರ್ ಸಣ್ಣದನ್ನೇ ಮೆಟ್ಟುತ್ತಿದ್ದರು. ವಯಸ್ಸಾದಂತೆ ಪಾದ ಅಗಲವಾಗುತ್ತದೆ, ಉದ್ದವೂ ತುಸು ಹೆಚ್ಚುತ್ತದೆ. ಮದುವೆಯ ಕಾಲದ ನಂಬರನ್ನೇ ಕೊನೆಯವರೆಗೆ ಹೇಳಿಕೊಂಡು ಬರುವುದು ನಮ್ಮ ರೂಢಿ.

ಅಂಗಡಿಗೆ ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನದ ಮೇಲೆ ಹೋಗಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಬಾತಿರುತ್ತದೆ, ಅದರ ಅಳತೆಗೆ ಕೊಂಡದ್ದು ಕಚ್ಚುವುದು ಕಡಿಮೆ. ಕೂತು ಮೆಟ್ಟಿ ನೋಡಿದರೆ ಸಾಲದು, ನಿಲ್ಲಬೇಕು. ನಿಂತರೆ ಪಾದ ಹರಡಿಕೊಳ್ಳುತ್ತದೆ. ಎರಡು ಪಾದದಲ್ಲಿ ಒಂದು ತುಸು ದೊಡ್ಡದಿರುವುದು ಸಾಮಾನ್ಯ, ದೊಡ್ಡದಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ. ನಮ್ಮ ಅಂಗಡಿಗಳ ನಂಬರು ಇಂಗ್ಲೆಂಡಿನ ಲೆಕ್ಕದ್ದು, ಒಂದು ನಂಬರಿಗೆ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಅಷ್ಟು ವ್ಯತ್ಯಾಸ ಕಾಲಿಗೆ ದೊಡ್ಡದೇ. ಹಿಮ್ಮಡಿಯ ಹಿಂದೆ ಸ್ವಲ್ಪ ಜಾಗ ಉಳಿಯಲಿ, ಕಿರುಬೆರಳು ತಳದ ಮೇಲೇ ಇರಲಿ. ಚಪ್ಪಲಿಯನ್ನು ಕೈಲಿ ಹಿಡಿದು ಬಗ್ಗಿಸಿ. ಬೆರಳಿನ ಬುಡದಲ್ಲಿ ಬಗ್ಗಬೇಕು, ಪಾದ ಬಗ್ಗುವುದು ಅಲ್ಲೇ. ನಟ್ಟನಡುವೆ ಎರಡಾಗಿ ಮಡಚಿದರೆ ಅದು ಅಂಗಾಲಿಗೆ ಆಧಾರ ಕೊಡದು. ಬಟ್ಟೆ ಹಿಂಡುವ ಹಾಗೆ ತಿರುಚಿದಾಗ ಸುಲಭಕ್ಕೆ ತಿರುಚಿಕೊಂಡರೆ ಇಳಿಜಾರಿನಲ್ಲಿ ಕಾಲು ಹೊರಳುತ್ತದೆ. ಅಂಗಡಿಯ ಬಾಗಿಲ ಮೆಟ್ಟಿಲು ಇಳಿದು ಹತ್ತಿ ನೋಡಿ. ಒಳ್ಳೆಯ ಅಂಗಡಿಯವರು ಬೇಡ ಎನ್ನುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಸಾಲಂಗಡಿಯಲ್ಲಿ ಗದ್ದಲದ ನಡುವೆ ಕೊಂಡದ್ದು ಕಣ್ಣಿಗೆ ಚೆಂದ, ಮಕ್ಕಳಿಗೆ ಖುಷಿ. ಆದರೆ ವಯಸ್ಸಾದವರ ನಿತ್ಯದ ಚಪ್ಪಲಿಯನ್ನು ಅಲ್ಲಿ ಕೊಳ್ಳುವುದು ಬೇಡ.

ಊರಲ್ಲಿರುವ ಅಪ್ಪ ಆಯಿಯ ಪಾದದ ನಂಬರು ದೂರದಲ್ಲಿರುವ ನಿಮಗೆ ಗೊತ್ತಿಲ್ಲದಿರಬಹುದು, ಫೋನಿನಲ್ಲಿ ಕೇಳಿದರೆ ಅವರು ಹಳೆಯದನ್ನೇ ಹೇಳುತ್ತಾರೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು ಊರಿಗೆ ಚಪ್ಪಲಿ ಕಳಿಸುವವರು ಒಂದು ಕೆಲಸ ಮಾಡಿ. ಸಂಜೆ ಹೊತ್ತು ಹಿಮ್ಮಡಿ ಗೋಡೆಗೆ ತಾಗುವ ಹಾಗೆ ಕಾಗದದ ಮೇಲೆ ನಿಲ್ಲಲು ಹೇಳಿ. ಪಕ್ಕದ ಮನೆಯ ಮಕ್ಕಳು ಯಾರಾದರೂ ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯಲಿ. ಗೋಡೆಯಿಂದ ಉದ್ದದ ಬೆರಳಿನ ತುದಿಯವರೆಗೆ ಎಷ್ಟು, ಬೆರಳಿನ ಬುಡದಲ್ಲಿ ಅಗಲ ಎಷ್ಟು ಎಂದು ಸ್ಕೇಲಿನಿಂದ ಅಳೆದು ಅಂಕಿಯನ್ನು ಬರೆದು ಕಳಿಸಲಿ. ಬರೀ ಫೋಟೋದಲ್ಲಿ ಅಳತೆ ಸಿಗುವುದಿಲ್ಲ. ಅದಕ್ಕೂ ಒಳ್ಳೆಯದು, ಮೇ ತಿಂಗಳಲ್ಲಿ ಮದುವೆ ಮುಂಜಿಗೆಂದು ಹೇಗೂ ಊರಿಗೆ ಬರುತ್ತೀರಿ. ಒಂದು ಮಧ್ಯಾಹ್ನ ಅವರನ್ನು ಕರೆದುಕೊಂಡು ಶಿರಸಿಗೆ ಹೋಗಿ. ಒಳಗೆ ಮೆಟ್ಟಲು ಒಂದು, ಅಂಗಳಕ್ಕೆ ಒಂದು, ಪೇಟೆಗೆ ಒಂದು ಜೊತೆ ಕೊಡಿಸಿ. ನೀವು ಮೊದಲು ಕಳಿಸಿದ ಸ್ಲೈಡ್ಸನ್ನು ನೀವೇ ವಾಪಸು ತೆಗೆದುಕೊಂಡು ಹೋಗಿ, ಮೆಟ್ಟದಿದ್ದರೆ ಮಗನಿಗೆ ಬೇಜಾರು ಎಂಬ ಭಾರ ಅವರ ಮೇಲಿಂದ ಇಳಿಯಲಿ. ಹೊರಡುವ ಮೊದಲು ಜಗಲಿಯ ಕೆಳಗಿರುವ ಎಲ್ಲ ಚಪ್ಪಲಿಗಳನ್ನೂ ಮಗುಚಿ ನೋಡಿ, ತಳ ಸವೆದದ್ದನ್ನು ಅವರು ಮತ್ತೆ ಹೆಕ್ಕಿಕೊಳ್ಳದ ಹಾಗೆ ತೆಗೆಯಿರಿ. ಮೃಗಶಿರೆ ಮಳೆ ಹಿಡಿಯುವುದರೊಳಗೆ ಇಷ್ಟು ಆಗಬೇಕು.